ಉಸಿರಿನ ಗೆರೆ

“ಅವನಲ್ಲಿಲ್ಲ” ಎಂಬ ಐದಕ್ಷರವನ್ನು ಒಬ್ಬನು “ಅವನು ಅಲ್ಲಿ ಇಲ್ಲ” ಎಂದು ಬಿಡಿಸಿದರೆ, ಇನ್ನೊಬ್ಬನು “ಅವನಲ್ಲಿ ಇಲ್ಲ” ಎಂದು ಬಿಡಿಸಿಯಾನು. ಮೊದಲನೆಯವನ ಪಾಲಿಗೆ ಮನುಷ್ಯನೇ ಇಲ್ಲ. ಎರಡನೆಯವನ ಪಾಲಿಗೆ ಮನುಷ್ಯನಿದ್ದಾನೆ, ಅವನಲ್ಲಿರಬೇಕಾದ ಯಾವುದೋ ಇಲ್ಲ. ಆಡುವ ಮಾತಿನಲ್ಲಿ ಈ ತೊಡಕು ಬಾರದು. ಉಸಿರೇ ಅರ್ಥವನ್ನು ಕೊಟ್ಟುಬಿಡುತ್ತದೆ. ಬರಹಕ್ಕಿಳಿದ ಹಾಡಿನಲ್ಲಿ ಆ ಉಸಿರಿಗೆ ಗುರುತು ಹಾಕುವವರು ಯಾರು?

ಮಂಗಳೂರಿನಲ್ಲಿ ಈ ಪ್ರಶ್ನೆಗೆ ವಯಸ್ಸಾಗಿದೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣವನ್ನು ಆರಂಭಿಸಿದರು. ಹೆರ್ಮನ್ ಮೋಗ್ಲಿಂಗರು 1850ರಲ್ಲಿ ದಾಸರ ಪದಗಳ ಸಂಗ್ರಹವೊಂದನ್ನು ಹೊರತಂದರು. ತಾಳೆಗರಿಯಲ್ಲಿ ಶಬ್ದಕ್ಕೂ ಶಬ್ದಕ್ಕೂ ನಡುವೆ ತೆರಪು ಬಿಡುವ ವಾಡಿಕೆಯಿರಲಿಲ್ಲ. ರಾಗತಾಳಗಳ ಹೆಸರಿದ್ದರೂ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹಾಡುವವರ ಬಾಯಲ್ಲಿಯೇ ಉಳಿದಿತ್ತು. ಕಲ್ಲಚ್ಚು ಬರೆದವನ ಕೈಯನ್ನೇ ಕಾಗದಕ್ಕೆ ಇಳಿಸುವ ವಿದ್ಯೆ. ಅಚ್ಚುಮೊಳೆಯದು ಬೇರೆ ಸ್ವಭಾವ. ಅಲ್ಲಿ ಮೊಳೆಗಳ ನಡುವೆ ಎಡೆ ಬಿಡಬೇಕೋ ಬೇಡವೋ ಎಂದು ಯಾರಾದರೂ ನಿಶ್ಚಯಿಸಲೇಬೇಕು. ಆ “ಯಾರಾದರೂ” ದಾಸರಂತೂ ಅಲ್ಲ.

ಕಿಟ್ಟೆಲ್ ಸಾಹೇಬರು ನಾಗವರ್ಮನ ಛಂದಸ್ಸನ್ನು ಕೈಬರಹದ ಪ್ರತಿಗಳೊಡನೆ ಹೋಲಿಸಿ 1875ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟಿಸಿದರು. ಶಾರ್ದೂಲವಿಕ್ರೀಡಿತದ ಪಾದಕ್ಕೆ 19 ಅಕ್ಷರ. ಸಂಸ್ಕೃತದಲ್ಲಿ 12ನೆಯದರ ಮೇಲೆ ಯತಿ. ಕನ್ನಡ ಕವಿಗಳಾದರೋ ಯತಿಯನ್ನು ದಾಟಿ ನಡೆಯುವುದರಲ್ಲಿಯೇ ಸೊಗಸು ಕಂಡವರು. ಅಂಥ ಪದ್ಯಕ್ಕೆ ಪರಿಷ್ಕಾರಕನು ನಿಯಮವನ್ನು ನಂಬಿ ವಿರಾಮ ಹಾಕಿದರೆ ಕವಿಯ ನಡಿಗೆಯೇ ಕುಂಟೀತು.

ಪಿಯಾನೊ ಬಾರಿಸುವವರಿಗೆ ಈ ಪೇಚಾಟ ಹೊಸದಲ್ಲ. ಆ ವಾದ್ಯಕ್ಕೆ ಉಸಿರಿಲ್ಲ. ಆದುದರಿಂದ ಸ್ವರಗಳ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಯೊಂದನ್ನು ಎಳೆಯುತ್ತಾರೆ. ಗೆರೆಯ ಕೆಳಗಿನ ಸ್ವರಗಳು ಒಂದೇ ಉಸಿರಿನವು. ಗೆರೆ ಮುಗಿದೆಡೆ ಕೈ ತುಸು ಸಡಿಲಬೇಕು. ಶೊಪಾನ್ ತನ್ನ 24 ಪ್ರೆಲ್ಯೂಡುಗಳನ್ನು 1839ರಲ್ಲಿ ಮಯೋರ್ಕ ದ್ವೀಪದಿಂದ ಪ್ಯಾರಿಸಿಗೆ ಕಳುಹಿದಾಗ, ಗೆಳೆಯ ಫೊಂತಾನ ಅವನ್ನು ನಕಲು ಮಾಡಿದ. ಕರ್ತೃವಿನ ಸ್ವಹಸ್ತಪ್ರತಿ ಪ್ಯಾರಿಸಿನ ಮುದ್ರಣಕ್ಕೆ, ನಕಲು ಲೈಪ್‌ಜಿಗ್ಗಿನ ಮುದ್ರಣಕ್ಕೆ. ಒಂದೇ ವರ್ಷದ ಎರಡು ಅಚ್ಚು, ಎರಡು ದಾರಿ! ಸ್ವರವನ್ನು ತಪ್ಪದೆ ಎತ್ತಿಕೊಳ್ಳುವ ನಕಲುಗಾರನ ಕೈ, ಗೆರೆಯನ್ನು ಒಂದು ಸ್ವರ ಮುಂಚೆ ಮುಗಿಸಿದರೆ ಯಾರಿಗೂ ತಿಳಿಯದು. ಸಾಲು ಮುಗಿಯುವೆಡೆಯಂತೂ ಬಲು ಮೋಸದ್ದು: ಅಂಚಿನಾಚೆಗೆ ಚಾಚಿದ ಗೆರೆ ಮುಂದಿನ ಸಾಲಿನಲ್ಲಿ ಮುಂದುವರಿಯಿತೋ, ಅಲ್ಲಿ ಬೇರೆಯೊಂದು ಹುಟ್ಟಿತೋ? ಇಂದು ಕರ್ತೃವಿನ ಸ್ವಹಸ್ತಪ್ರತಿ ವಾರ್ಸಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಮೊಜಾರ್ಟನ ಗತಿ ಇನ್ನೂ ಶೋಚನೀಯ. ಆತನು ಬಗೆಬಗೆಯಾಗಿ ಎಳೆದ ಗಿಡ್ಡ ಗೆರೆಗಳನ್ನು 19ನೆಯ ಶತಮಾನದ ಪರಿಷ್ಕಾರಕರು ಬೆಸೆದು ಉದ್ದಮಾಡಿದರು; ಚಿಕ್ಕ ಚಿಕ್ಕ ಮಾತುಗಳ ಸಂಭಾಷಣೆ ಒಂದು ದೀರ್ಘ ಭಾಷಣವಾಯಿತು. 1925ರಲ್ಲಿ ವಿಯೆನ್ನಾದ ಹೈನ್ರಿಖ್ ಶೆಂಕರ್ ಇದನ್ನು ಕಟುವಾಗಿ ಖಂಡಿಸಿ ಲೇಖನ ಬರೆದ. ಕರ್ತೃವಿನ ಗೆರೆ ಅಖಂಡವಾಗಿಯೂ ಪರಿಷ್ಕಾರಕನದು ಚುಕ್ಕಿಗೆರೆಯಾಗಿಯೂ ಇರಬೇಕೆಂಬ ಪದ್ಧತಿ ಈಗ ಅನೇಕ ಮುದ್ರಣಗಳಲ್ಲಿದೆ. ಬಾರಿಸುವವನು ಒಪ್ಪಲಿ, ಬಿಡಲಿ. ಯಾರ ಮಾತು ಯಾರದೆಂಬುದಾದರೂ ಗೊತ್ತಾಗುತ್ತದೆ.

ಇಷ್ಟು ಮರ್ಯಾದೆ ದಾಸರ ಪದಗಳಿಗೂ ಸಲ್ಲಬೇಡವೇ? ಎರಡು ಬಗೆಯಾಗಿ ಬಿಡಿಸಬಹುದಾದ ಎಡೆಯಲ್ಲಿ ಸಾಲನ್ನು ಪ್ರತಿಯಲ್ಲಿದ್ದಂತೆ ಕೂಡಿಸಿಯೇ ಅಚ್ಚುಹಾಕಿ, ಎರಡು ವಿಚ್ಛೇದಗಳನ್ನೂ ಪುಟದ ಅಡಿಯಲ್ಲಿ ಕೊಟ್ಟರೆ ಸಾಕು. ಹಾಡುವವರು ತಮ್ಮ ಉಸಿರನ್ನು ತಾವೇ ಆರಿಸಿಕೊಳ್ಳುವರು.