ಮಲೇರಿಯಾ ಮತ್ತು ಒಂಟಿ ಅಸ್ತ್ರ

ಭಾರತವು 1953ರಲ್ಲಿ ಮಲೇರಿಯಾ ನಿಯಂತ್ರಣಕ್ಕೆ ತೊಡಗಿದಾಗ ಅದರ ಮುಖ್ಯ ಅಸ್ತ್ರ ಡಿ.ಡಿ.ಟಿ. ಊರೂರಿನ ಮನೆಗಳ ಗೋಡೆಗಳಿಗೆ ಅದನ್ನು ಸಿಂಪಡಿಸಲಾಯಿತು. ಅದಕ್ಕೆ ಮುನ್ನ ವರ್ಷಕ್ಕೆ ಸುಮಾರು 7.5 ಕೋಟಿ ಜನರನ್ನು ನಡುಗಿಸುತ್ತಿದ್ದ ಜ್ವರವು 1965ರ ವೇಳೆಗೆ ಸುಮಾರು 1 ಲಕ್ಷಕ್ಕಿಳಿಯಿತು. ಮಾರಿ ತೊಲಗಿತೆಂದು ಜನ ನಂಬಿದರು, ಆಡಳಿತವೂ ಮೈಮರೆಯಿತು. ಸೊಳ್ಳೆ ಮಾತ್ರ ಮೈಮರೆಯಲಿಲ್ಲ. ವಿಷವನ್ನು ತಾಳಿಕೊಳ್ಳುವ ಅದರ ಸಂತತಿ ಬೆಳೆಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ಮುಟ್ಟಿತು.

ಒಂದೇ ಅಸ್ತ್ರವನ್ನು ಅತಿಯಾಗಿ ನೆಚ್ಚಿದುದರ ಫಲವಿದು. ಹಲವು ಉಪಾಯಗಳು ಒಟ್ಟಿಗೆ ನಡೆಯದೆ ಈ ರೋಗ ಬಗ್ಗದು. ಗೋಡೆಯ ಮೇಲಿನ ವಿಷವು ಬಾವಿಯಲ್ಲಿ ಬೆಳೆಯುವ ಸೊಳ್ಳೆಮರಿಗಳನ್ನು ಮುಟ್ಟದು. ಅವುಗಳಿಗೆ ಗಪ್ಪಿ ಮೀನೇ ಮೃತ್ಯು. (ಮಲೇರಿಯಾ ಸೊಳ್ಳೆಗೆ ಕೊಳಚೆಗಿಂತ ತಿಳಿನೀರೇ ಪ್ರಿಯವೆಂಬುದನ್ನು ಜನ ಮರೆಯುತ್ತಾರೆ.) ಆದರೆ ರೋಗಿಯ ರಕ್ತದಲ್ಲಿರುವ ರೋಗಾಣುವನ್ನು ಮೀನು ಏನು ಮಾಡೀತು? ಅದಕ್ಕೆ ರಕ್ತಪರೀಕ್ಷೆ ಬೇಕು, ಗುಳಿಗೆ ಬೇಕು. ವೈವಾಕ್ಸ್ ಜಾತಿಯ ರೋಗಾಣುವಂತೂ ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ಬಳಿಕ ಮತ್ತೆ ತಲೆಯೆತ್ತುತ್ತದೆ. ಅದನ್ನು ಅಳಿಸಲು ಪ್ರಿಮಾಕ್ವಿನ್ ಗುಳಿಗೆಯನ್ನು 14 ದಿನ ಕೊಡುತ್ತಾರೆ. ಜ್ವರ ಬಿಟ್ಟೊಡನೆ ಗುಳಿಗೆಯನ್ನು ಮೂಲೆಗಿಡುವವರು ಅನೇಕರು. ಸೊಳ್ಳೆಪರದೆಯನ್ನು ಎಲ್ಲರಿಗಿಂತ ಮೊದಲು ಕಟ್ಟಬೇಕಾದುದು ಇಂಥ ರೋಗಿಯ ಹಾಸಿಗೆಗೇ. ಅವನನ್ನು ಕಚ್ಚಿದ ಸೊಳ್ಳೆಯೇ ಮುಂದೆ ನೆರೆಮನೆಯ ಮಗುವನ್ನು ಕಚ್ಚುವುದು.