ಕನ್ನಡಕ್ಕೆ ಟೈಮಿಲ್ಲವಂತೆ ಸ್ವಾಮಿ!

ಮೊನ್ನೆ ಕಚೇರಿಯೊಂದರ ಗುಮಾಸ್ತರು ಹಳೇಬೀಡಿನ ನಮ್ಮ ಪ್ರೆಸ್ಸಿಗೆ ಬಂದಿದ್ದರು. ಕರಪತ್ರ ಅಚ್ಚಾಗಬೇಕಿತ್ತು. ಓದುವವರು ಸುತ್ತಲ ಹಳ್ಳಿಯ ರೈತರು, ಒಕ್ಕಣೆ ಮಾತ್ರ ಇಂಗ್ಲಿಷಿನಲ್ಲಿ! ಯಾಕೆ ಸ್ವಾಮಿ ಎಂದರೆ, "ಕನ್ನಡ ಟೈಪ್ ಮಾಡೋಕೆ ಟೈಮೆಲ್ಲಿದೆ ಸಾರ್, ಇಂಗ್ಲಿಷಾದ್ರೆ ಬೇಗ ಆಗುತ್ತೆ" ಎಂದರು.

1963ರಲ್ಲೇ ರಾಜಭಾಷಾ ಕಾಯ್ದೆ ಮಾಡಿಕೊಂಡ ನಾಡಿನಲ್ಲಿ ಈ ಮಾತು! ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲೇ. ಉಳಿ ಹಿಡಿದು ಕಲ್ಲಿನಲ್ಲಿ ಕನ್ನಡ ಕೊರೆದವನಿಗೆ ಟೈಮಿತ್ತು, ಫ್ಯಾನಿನ ಕೆಳಗೆ ಕೂತವರಿಗಿಲ್ಲ.

ಜಗಳವಾಡಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿದೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಇಡೀ ಕನ್ನಡ ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗಿದೆ. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕೆ? ನಡುವೆ 'ಎಫ್' ಒತ್ತಿ. 'ಹಳೇಬೀಡು' ಎಂದು ಬರೆಯಲು ಶಿಫ್ಟ್ ಲೆಕ್ಕ ಬಿಟ್ಟರೆ ಏಳೇ ಹೊಡೆತ. ಇಂಗ್ಲಿಷಿನಲ್ಲಿ ಎಂಟು! ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದು ಇದೇ ಕೀಲಿಮಣೆ. ಕಾಸು ಕೊಡಬೇಕಿಲ್ಲ.

ಇನ್ನು ಕಚೇರಿ ಪತ್ರ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂಬ ರೈಲುಗಾಡಿಯನ್ನು ದಿನಕ್ಕೆ ಹತ್ತು ಸಲ ಯಾಕೆ ಓಡಿಸುತ್ತೀರಿ? (ಆ ಸಾಲೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಇರಲಿ.) ವರ್ಡ್‌ನ ಆಟೋಕರೆಕ್ಟ್ ಪಟ್ಟಿಯಲ್ಲಿ 'ಮೇವಿ' ಎಂದು ಬರೆದು ಅದರೆದುರು ಈ ಸಾಲನ್ನು ಒಮ್ಮೆ ಸೇರಿಸಿಡಿ. ಆಮೇಲೆ 'ಮೇವಿ' ಹೊಡೆದು ಸ್ಪೇಸ್ ಒತ್ತಿದರೆ ಇಡೀ ಸಾಲು ತಾನೇ ಬಂದು ಕೂರುತ್ತದೆ. ಇಲಾಖೆಯ ಹೆಸರು, ವಿಳಾಸ, 'ತಮ್ಮ ವಿಶ್ವಾಸಿ' ಎಲ್ಲಕ್ಕೂ ಇದೇ ಉಪಾಯ. ಹಳೇ ಪತ್ರದಲ್ಲಿ ಊರಿನ ಹೆಸರು ಬದಲಿಸಲು ಕಂಟ್ರೋಲ್ ಎಚ್ ಸಾಕು. ಬೆರಳು ಓಡದವರು ಬಾಯಲ್ಲಿ ಹೇಳಲಿ: ಗೂಗಲ್ ಡಾಕ್ಸ್ ಕನ್ನಡ ಮಾತನ್ನು ಕೇಳಿ ತಾನೇ ಬರೆದುಕೊಳ್ಳುತ್ತದೆ.

ಆದರೆ ಒಂದು ಕೊರಳುಬಳ್ಳಿ ಬಿಡಿಸಿಕೊಳ್ಳಬೇಕು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ ವೇಷ. ಆ ಫಾಂಟಿಲ್ಲದ ಕಂಪ್ಯೂಟರಿಗೆ ಕಡತ ಹೋದರೆ ವೇಷ ಕಳಚಿ, ತಲೆ ಮೇಲೆ ಗೀಟು ಚುಕ್ಕಿ ಹೊತ್ತ ಪರದೇಶಿ ಅಕ್ಷರ ಕಾಣುತ್ತದೆ. ಹುಡುಕಿದರೆ ಒಂದು ಹೆಸರೂ ಸಿಗದು. ಯೂನಿಕೋಡಿನಲ್ಲಿ 1991ರಿಂದಲೂ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿಯಿದೆ. ಅಲ್ಲಿ ಬರೆದದ್ದು ಎಲ್ಲಿಗೆ ಹೋದರೂ ಕನ್ನಡವೇ. ಈ ವಿಚಾರದಲ್ಲಿ ಪ್ರೆಸ್ಸಿನವರಾದ ನಾವೂ ತಪ್ಪಿತಸ್ಥರು. ಪೇಜ್‌ಮೇಕರ್ ಬಿಡಲಾರದೆ ಹಳೇ ಫಾಂಟಿಗೆ ಜೋತುಬಿದ್ದು ಎಷ್ಟೋ ವರ್ಷ ಕಳೆದೆವು. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ.

ಪಟ್ಟಣದ ಕನ್ನಡ ಹುಡುಗರೇ, ಘೋಷಣೆ ನಾನೂ ಕೂಗಿದ್ದೇನೆ, ಬೇಡವೆನ್ನುವುದಿಲ್ಲ. ಆದರೆ ನಿಮ್ಮಲ್ಲಿ ಎಷ್ಟು ಜನ ಆಫೀಸಿನಲ್ಲಿ ಒಂದು ಮಿಂಚಂಚೆಯನ್ನಾದರೂ ಕನ್ನಡದಲ್ಲಿ ಬರೆದಿದ್ದೀರಿ? ಹಬ್ಬಕ್ಕೆ ಊರಿಗೆ ಬಂದಾಗ ಪಂಚಾಯ್ತಿ ಕಚೇರಿಯಲ್ಲಿ ಒಂದು ಗಂಟೆ ಕೂತು ಇದನ್ನು ಕಲಿಸಿಕೊಡಿ. ಕಲಿತ ಮೇಲೂ "ಟೈಮಿಲ್ಲ" ಎಂದರೆ ಆಗ ಕೂಗೋಣ, ನಾನೂ ಬರುತ್ತೇನೆ.

ಆ ಗುಮಾಸ್ತರು ಮೊದಲ ಪ್ಯಾರಾಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಂಡರು. ಕೊನೆಯದಕ್ಕೆ ಐದು. ಕರಪತ್ರ ಕನ್ನಡದಲ್ಲೇ ಅಚ್ಚಾಯಿತು.