ಮನೆಮದ್ದು: ಮೊಗಕ್ಕೆ ಪನ್ನೀರು

ಮದುವೆಯ ಮನೆಯ ಬಾಗಿಲಲ್ಲಿ ಬಂಧುಗಳ ಮೇಲೆ ಪನ್ನೀರು ಚಿಮುಕಿಸಿ ಬರಮಾಡಿಕೊಳ್ಳುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಸಮಾರಂಭ ಮುಗಿದೊಡನೆ ಪನ್ನೀರುದಾನಿ ಕಪಾಟು ಸೇರುತ್ತದೆ. ಆದರೆ ಆ ನೀರಿಗೆ ದಿನನಿತ್ಯದ ಬಾಳಿನಲ್ಲಿಯೂ ಸ್ಥಾನವುಂಟು.

ತುಮಕೂರಿನಿಂದ ಶಿರಾಕ್ಕೆ ಸಾಗುವ ಹೆದ್ದಾರಿಯ ಕಳ್ಳಂಬೆಳ್ಳ ಸೀಮೆ ಮಳೆ ಕಡಿಮೆಯ ಬಯಲು. ಮಾರ್ಚಿಯಿಂದ ಮೇ ತನಕ ಬಿಸಿಲು, ಒಣಗಾಳಿ, ಧೂಳು ಮೂರೂ ಸೇರಿ ಚರ್ಮವನ್ನು ಬಾಡಿಸುತ್ತವೆ. ಹೊಲದಲ್ಲಿ ದುಡಿಯುವ ತಾಯಂದಿರಿಗೆ ಇದರ ಅನುಭವ ಹೇಳಬೇಕಾದುದಿಲ್ಲ.

ಹದಿನಾರನೆಯ ಶತಮಾನದ 'ಭಾವಪ್ರಕಾಶ'ವು ಗುಲಾಬಿಯನ್ನು 'ಶತಪತ್ರೀ', 'ತರುಣೀ' ಎಂದು ಕರೆದು, ಅದು ಶೀತಗುಣದ್ದು, ಕಾಂತಿಯನ್ನು ಕೊಡುವಂಥದು ಎನ್ನುತ್ತದೆ. ವಾಗ್ಭಟನ 'ಅಷ್ಟಾಂಗಹೃದಯ'ದ ದಿನಚರ್ಯೆಯ ಅಧ್ಯಾಯವಾದರೋ ನಿತ್ಯವೂ ಎಣ್ಣೆ ಹಚ್ಚಿಕೊಳ್ಳಬೇಕೆಂದು ವಿಧಿಸುತ್ತದೆ. ಇವೆರಡನ್ನೂ ಕೂಡಿಸಿ ನೋಡಬೇಕು. ಪನ್ನೀರು ಆರುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುವುದರಿಂದ ತಂಪೆನಿಸುತ್ತದೆ. ಆದರೆ ಬರೀ ನೀರು ಆರಿಹೋದರೆ ಚರ್ಮ ಮತ್ತೆ ಬಿಗಿಯುತ್ತದೆ. ಆದ್ದರಿಂದ ಬೆಳಗ್ಗೆ ಮತ್ತು ಸಂಜೆ ತಣ್ಣೀರಿನಿಂದ ಮುಖ ತೊಳೆದು, ಹತ್ತಿಯಿಂದ ಪನ್ನೀರನ್ನು ಮೆಲ್ಲಗೆ ಒತ್ತಿ, ತೇವ ಆರುವ ಮೊದಲೇ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ಸವರಿಕೊಳ್ಳಿರಿ. ಮೊಡವೆ ಏಳುವ ಎಣ್ಣೆಚರ್ಮದವರು ಎಣ್ಣೆಯನ್ನು ಬಿಡುವುದು ಲೇಸು. ಗಂಧವನ್ನು ಪನ್ನೀರಿನಲ್ಲಿ ತೇದು ಲೇಪಿಸುವವರು ಅದು ಬಿರಿಯುವಷ್ಟು ಒಣಗುವ ಮುನ್ನ ತೊಳೆದುಬಿಡಬೇಕು.

ಉತ್ತರ ಪ್ರದೇಶದ ಕನ್ನೌಜಿನಲ್ಲಿ ಇಂದಿಗೂ ತಾಮ್ರದ ಹಂಡೆಗಳಲ್ಲಿ ಹೂ ಬೇಯಿಸಿ, ಆವಿಯನ್ನು ತಣಿಸಿ ಗುಲಾಬಿಯ ನೀರನ್ನು ಇಳಿಸುತ್ತಾರೆ. ಒಂದು ಕಿಲೋ ಗುಲಾಬಿ ತೈಲಕ್ಕೆ ಮೂರು ಸಾವಿರ ಕಿಲೋಗೂ ಹೆಚ್ಚು ಹೂ ಬೇಕು. ಹೀಗಿರುವಾಗ ಅತಿ ಅಗ್ಗದ ಸೀಸೆಯಲ್ಲಿರುವುದು ಎಷ್ಟೋ ವೇಳೆ ನೀರಿಗೆ ಬೆರೆಸಿದ ಕೃತಕ ಪರಿಮಳ. ಚೀಟಿಯನ್ನು ಓದಿಯೇ ಕೊಳ್ಳಿರಿ.

ಮನೆಯಲ್ಲಿಯೇ ಮಾಡುವುದಾದರೆ ಔಷಧಿ ಸಿಂಪಡಿಸದ, ಪರಿಮಳವುಳ್ಳ ನಾಟಿ ಗುಲಾಬಿಯ ದಳಗಳನ್ನು ತೊಳೆದು ಪಾತ್ರೆಯಲ್ಲಿ ಹರಡಿ, ಮುಳುಗುವಷ್ಟು ನೀರೆರೆಯಿರಿ. ನಡುವೆ ಒಂದು ಬಟ್ಟಲನ್ನಿಟ್ಟು, ಮುಚ್ಚಳವನ್ನು ಮಗುಚಿ ಮುಚ್ಚಿ, ಅದರ ಮೇಲೆ ಮಂಜುಗಡ್ಡೆ ಇರಿಸಿ ಸಣ್ಣ ಉರಿಯಲ್ಲಿ ಕಾಯಿಸಿರಿ. ಬಟ್ಟಲಿಗೆ ತೊಟ್ಟಿಕ್ಕಿದ್ದೇ ಪನ್ನೀರು. ಕುದಿಸಿ ಒಣಗಿಸಿದ ಸೀಸೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿರಿ.

ಎಚ್ಚರಿಕೆಯ ಮಾತೊಂದು. ಕಣ್ಣುರಿಗೆ ಪನ್ನೀರನ್ನು ಹನಿಸುವ ರೂಢಿ ಹಲವು ಮನೆಗಳಲ್ಲಿದೆ. ಇದನ್ನು ಬಿಡಬೇಕು. ಮನೆಯದಾಗಲಿ ಅಂಗಡಿಯದಾಗಲಿ, ಈ ನೀರು ಕಣ್ಣಿಗೆ ಬೇಕಾದಷ್ಟು ನಿರ್ಜೀವಾಣುವಲ್ಲ. ಸೋಂಕು ತಗುಲಿದರೆ ದೃಷ್ಟಿಗೇ ಅಪಾಯ. ಗಾಯ, ಇಸುಬುಗಳಿಗೂ ಹಚ್ಚಬಾರದು. ಮೊದಲ ಬಾರಿ ಬಳಸುವವರು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಿರಿ. ತುರಿಕೆ, ಕೆಂಪು ಕಂಡರೆ ಕೈಬಿಡಿರಿ.

ಪನ್ನೀರು ಕಪ್ಪು ಕಲೆಗಳನ್ನು ಅಳಿಸುವುದಿಲ್ಲ, ಬಣ್ಣವನ್ನು ಬದಲಿಸುವುದಿಲ್ಲ. ಬೆಂದ ಮೊಗಕ್ಕೆ ತಂಪನ್ನೀಯುತ್ತದೆ. ಬಿಸಿಲಿಗೆ ಹೊರಡುವಾಗ ತಲೆಯ ಮೇಲೆ ಸೆರಗು, ಕುಡಿಯಲು ಬೇಕಾದಷ್ಟು ನೀರು, ಇವು ಜೊತೆಗಿದ್ದರೆ ಆ ತಂಪು ಸಾರ್ಥಕ.